ಬೆರೆಸಬಾರದ ಮಣ್ಣು

ಹೋದ ಭಾನುವಾರ ಮೈಲಾಪೂರಿನ ನಮ್ಮ ಫ್ಲ್ಯಾಟಿನ ಮೆಟ್ಟಿಲುಗಳ ಮೇಲೆ ಯಾರೋ ಇರುವೆ ಪುಡಿ ಚೆಲ್ಲಿದ್ದರು. ಹಾಲು ತರಲು ಇಳಿದವಳಿಗೆ ಆ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಮುಗ್ಗಲು ಮುಗ್ಗಲು, ಒಳಗೆಲ್ಲೋ ಸ್ವಲ್ಪ ಸಿಹಿ... ಹದಿನೈದು ವರ್ಷದ ಹಿಂದೆ ಎಣ್ಣೂರಿನ ಕಡೆಯ ಒಂದು ಬಯಲಿನಲ್ಲಿ ಇದೇ ವಾಸನೆಯ ಮಣ್ಣನ್ನು ನಾನು ಮೂಗಿನ ಹತ್ತಿರ ಹಿಡಿದಿದ್ದೆ. ಪಕ್ಕದಲ್ಲಿದ್ದ ಮೇಡಂ ನನ್ನ ಕೈಗೆ ಫಟಾರನೆ ಒಂದು ಏಟು ಕೊಟ್ಟಿದ್ದರು.

“ಪೈತ್ಯವೇನೇ ನಿಂಗೆ? ಮೂಗಿಗೆ ಹಿಡೀತಾರಾ ಇದನ್ನ?”

ಅವರ ಕನ್ನಡ ಮನೆತನ ಮೂರು ತಲೆಮಾರಿನಿಂದ ಮದರಾಸಿನದು. ಬೈಯುವಾಗ ಹುಚ್ಚು ಎನ್ನುವ ಪದ ಅವರಿಗೆ ಹೊಳೆಯುತ್ತಲೇ ಇರಲಿಲ್ಲ, ತಮಿಳಿನ ಪೈತ್ಯವೇ ಮೊದಲು ಬರುತ್ತಿತ್ತು. ನಾನು ಧಾರವಾಡದಲ್ಲಿ ಕೃಷಿ ಓದಿ, ಆಗಷ್ಟೇ ಲ್ಯಾಬಿನಲ್ಲಿ ಅವರ ಕೈಕೆಳಗೆ ಸೇರಿದವಳು. ಹೊಲದ ಮಣ್ಣು ಕಂಡರೆ ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡುವುದೇ ನಮಗೆ ಕಲಿಸಿದ ವಿದ್ಯೆ. ಆದರೆ ಇಲ್ಲಿ ಬರುತ್ತಿದ್ದುದು ಹೊಲದ ಮಣ್ಣಲ್ಲ. ಮುಚ್ಚಿಹೋದ ಕಾರ್ಖಾನೆಗಳ ಜಾಗ, ಹಳೇ ಗೋಡೌನು, ತ್ಯಾಜ್ಯ ಸುರಿದ ಹೊಂಡ. ಅಲ್ಲಿ ಯಾವ ವಿಷ ಇದೆ, ಎಷ್ಟು ಆಳಕ್ಕೆ ಇಳಿದಿದೆ, ಜನ ವಾಸ ಮಾಡಬಹುದೇ ಎಂದು ಹೇಳುವುದು ನಮ್ಮ ಕೆಲಸ. ನಾವು ಹುಡುಕುತ್ತಿದ್ದುದು ಬಿಸಿಲಿಗೆ ಒಣಗದ, ಮಳೆಗೆ ತೊಳೆದುಹೋಗದ, ಹಾಕಿದವರು ಸತ್ತ ಮೇಲೂ ಉಳಿಯುವ ವಿಷವನ್ನು.

ಮೇಡಂ ಕುಳ್ಳಗಿದ್ದರು, ದನಿ ಮಾತ್ರ ದೊಡ್ಡದು. ಸ್ಯಾಂಪಲ್ ತೆಗೆಯುವ ದಿನ ಬೆಳಿಗ್ಗೆ ಸ್ಕೂಲ್ ಟೀಚರಿನ ಹಾಗೆ ನಮ್ಮೆಲ್ಲರ ಕೈ ನೋಡುತ್ತಿದ್ದರು. ಕ್ರೀಮು ಹಚ್ಚಿರಬಾರದು, ಉಗುರಿಗೆ ಬಣ್ಣ ಇರಬಾರದು, ಮುಖಕ್ಕೆ ಪೌಡರ್ ಕೂಡ ಬೇಡ. ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಆಗಬೇಕು. ನಮ್ಮ ಮೈಮೇಲಿನದು ಮಣ್ಣಿಗೆ ಸೇರಿ ಸುಳ್ಳು ಲೆಕ್ಕ ಬರಬಾರದು ಎಂದು. ಮಣ್ಣು ತೆಗೆಯುವ ಸ್ಟೀಲ್ ಚಮಚವನ್ನು ಒಂದು ಗುಂಡಿ ಮುಗಿದು ಇನ್ನೊಂದಕ್ಕೆ ಹೋಗುವ ಮೊದಲು ಮೂರು ಸಲ ತೊಳೆಸುತ್ತಿದ್ದರು. ನನಗೆ ಇದೆಲ್ಲ ಮಡಿ ಮೈಲಿಗೆಯ ಹಾಗೆ ಕಂಡು ಒಳಗೊಳಗೇ ನಗು ಬರುತ್ತಿತ್ತು.

ಎಣ್ಣೂರಿನ ಕಡೆಯ ಆ ಬಯಲಿನಲ್ಲಿ ಒಂದು ಕಾಲಕ್ಕೆ ಕೀಟನಾಶಕ ತಯಾರಾಗುತ್ತಿತ್ತು. ಈಗ ಕಾರ್ಖಾನೆ ಹೋಗಿ ಅಲ್ಲಿ ಮನೆಗಳು ಬರುವುದಿತ್ತು. ಹಿನ್ನೀರಿನ ದಂಡೆಯಿಂದ ಎಬ್ಬಿಸಲಿದ್ದ ಮೀನುಗಾರರ ಕುಟುಂಬಗಳಿಗೆ ಅಲ್ಲಿ ಜಾಗ ಕೊಡುತ್ತಾರಂತೆ. ನಾವು ಹನ್ನೆರಡು ಗುಂಡಿ ತೋಡಿ ಹನ್ನೆರಡು ಗಾಜಿನ ಬಾಟಲಿ ತಂದೆವು. ಮರುದಿನ ಮೇಡಂ ಯಾವುದೋ ಮೀಟಿಂಗಿಗೆಂದು ದೆಹಲಿಗೆ ಹೋದರು, ಬಾಟಲಿಗಳು ನನ್ನ ಪಾಲಿಗೆ ಬಂದವು.

ನಾನು ಮಾಡಿದ್ದು ಇಷ್ಟೇ. ಹೊಲದ ಮಣ್ಣು ಪರೀಕ್ಷೆಗೆ ಬಂದಾಗ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಹನ್ನೆರಡನ್ನೂ ಒಂದು ಟ್ರೇಗೆ ಸುರಿದು, ಚೆನ್ನಾಗಿ ಕಲಸಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡನ್ನು ಚೆಲ್ಲಿ, ಉಳಿದದ್ದನ್ನು ಮತ್ತೆ ಕಲಸಿ, ಒಂದೇ ಒಂದು ಬಾಟಲಿ ತುಂಬಿ ಮೆಷಿನ್ನಿಗೆ ಕಳಿಸಿದೆ. ಕಾಲೇಜಿನಲ್ಲಿ ಇದಕ್ಕೇ ನನಗೆ ಶಹಬ್ಬಾಸ್ ಸಿಕ್ಕಿತ್ತು. ಫಲಿತಾಂಶ ಮಿತಿಯೊಳಗೆ ಬಂತು. ಪರೀಕ್ಷೆ ಮಾಡಿಸಿದ್ದ, ಆ ಜಾಗದ ಕಂಪನಿಯವರು ಖುಷಿಯಾಗಿ ಎರಡು ಡಬ್ಬಿ ಮೈಸೂರ್ ಪಾಕ್ ಕಳಿಸಿದರು. ನಾನೂ ತಿಂದೆ.

ಮೇಡಂ ವಾಪಸ್ ಬಂದವರು ಡಬ್ಬಿ ನೋಡಿದರು, ಆಮೇಲೆ ರಿಪೋರ್ಟ್ ನೋಡಿದರು, ಆಮೇಲೆ ತೊಳೆದು ಬೋರಲು ಹಾಕಿದ್ದ ಬಾಟಲಿಗಳನ್ನು.

“ಹನ್ನೆರಡನ್ನೂ ಸೇರಿಸಿ ಕಲಸಿಬಿಟ್ಯಾ? ಕದಂಬ ಸಾದಮಾ ಇದು, ಎಲ್ಲಾ ತರಕಾರಿ ಹಾಕಿ ಕಲಸೋ ಅನ್ನಾನಾ?”

“ಹೊಲದ ಮಣ್ಣಿಗೆ ಹಂಗ ಮಾಡ್ತೇವ್ರಿ ಮೇಡಂ...”

“ಹೊಲದಲ್ಲಿ ಪೈರು ಎಲ್ಲಾ ಕಡೆ ಬೆಳೆಯತ್ತೆ, ಅಲ್ಲಿ ಸರಾಸರಿ ಸರಿ. ಇಲ್ಲಿ ಮಗು ಸರಾಸರೀಲಿ ಆಡಲ್ಲ ಕಣೆ. ಯಾವುದೋ ಒಂದು ಗುಂಡಿ ಮೇಲೆ ಕೂತು ಆಡತ್ತೆ. ಅದೇ ಮಣ್ಣು ಬಾಯಿಗೆ ಹಾಕ್ಕೊಳತ್ತೆ.”

ಒಂದು ಗುಂಡಿಯ ವಿಷವನ್ನು ಹನ್ನೊಂದು ಗುಂಡಿಯ ಮಣ್ಣಿನಲ್ಲಿ ನಾನೇ ಬಚ್ಚಿಟ್ಟಿದ್ದೆ.

ರಿಪೋರ್ಟ್ ಆಗಲೇ ಹೋಗಿಯಾಗಿತ್ತು. ಮತ್ತೆ ತೋಡುತ್ತೇವೆ ಎಂದರೆ ಕಂಪನಿಯವರು ಗೇಟ್ ತೆಗೆಯಲಿಲ್ಲ. ನಮ್ಮ ತಪ್ಪನ್ನು ನಾವೇ ಸಾರಿಕೊಂಡರೆ ನಾಳೆ ಲ್ಯಾಬಿಗೆ ಯಾರು ಕಾಲಿಡುತ್ತಾರೆ, ಸುಮ್ಮನಿರಿ ಎಂದು ಲ್ಯಾಬಿನ ಯಜಮಾನರು ಕೈ ಮುಗಿದು ಹೇಳಿದರು. ಮೇಡಂ ಆ ಯಜಮಾನರ ಎದುರಿಗೇ ಕುಳಿತು, ರಿಪೋರ್ಟ್ ಹೋಗಿದ್ದ ಸರ್ಕಾರಿ ಕಚೇರಿಗೆ ಪತ್ರ ಬರೆದರು. “ರಿಪೋರ್ಟ್ ತಪ್ಪು, ಮಣ್ಣು ಬೆರೆಸಿದ್ದು ನಾನು, ಮತ್ತೆ ತೋಡಬೇಕು.” ಮೂರು ಸಾಲು, ಕೆಳಗೆ ಸಹಿ. ನನ್ನ ಹೆಸರು ಎಲ್ಲೂ ಇರಲಿಲ್ಲ.

ಮುಂದಿನ ವಾರ ಆ ಜಾಗದ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆ, ಎಣ್ಣೂರಿನ ಒಂದು ಕಲ್ಯಾಣಮಂಟಪದಲ್ಲಿ. ಫ್ಯಾನುಗಳು ಗಡಗಡ ಎನ್ನುತ್ತಿದ್ದವು, ಒಳಗೆಲ್ಲ ಬೆವರು ಮತ್ತು ಮೀನಿನ ಬುಟ್ಟಿಯ ವಾಸನೆ. ಮೈಕಿಗಾಗಿ ಮೇಡಂ ಎಲ್ಲರ ಹಾಗೆ ಸಾಲಿನಲ್ಲಿ ನಿಂತರು. ಅವರು ಎರಡು ಮಾತು ಆಡುವಷ್ಟರಲ್ಲಿ ಕಂಪನಿಯ ಅಧಿಕಾರಿ ಎದ್ದು, ತಾನೇ ತಪ್ಪು ಮಾಡಿದೆ ಎನ್ನುವವರ ಮಾತನ್ನು ಯಾರು ನಂಬುತ್ತಾರೆ ಎಂದು ನಕ್ಕ.

“ಆಮಾಂ, ತಪ್ಪು ನಾನ್ ಪಣ್ಣಿನದುದಾನ್,” ಎಂದರು ಮೇಡಂ, ಹೌದು ತಪ್ಪು ನನ್ನದೇ ಎಂದು. “ಅದನಾಲದಾನ್ ತಿರುಂಬ ತೋಂಡ ಸೊಲ್ರೇನ್.” ಅದಕ್ಕೇ ಮತ್ತೆ ತೋಡಿ ಎನ್ನುತ್ತಿದ್ದೇನೆ.

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದ್ದು ನಿಂತು, ನಮ್ಮ ಮಕ್ಕಳು ಅಲ್ಲಿ ಆಡಬಹುದೇನಮ್ಮಾ ಎಂದು ಕೇಳಿದಳು. ಅಧಿಕಾರಿ ಮಿತಿ, ಮಾನದಂಡ ಎಂದು ಏನೋ ಶುರು ಮಾಡಿದ. ಮೇಡಂ ಒಂದೇ ಮಾತು ಹೇಳಿದರು. “ಕೂಡಾದು.” ಕೂಡದು.

ಆಮೇಲೆ ಆ ಸಭೆ ಸಭೆಯಾಗಿ ಉಳಿಯಲಿಲ್ಲ. ಮತ್ತೆ ತೋಡುವವರೆಗೆ ಮಂಟಪ ಬಿಟ್ಟು ಕದಲುವುದಿಲ್ಲ ಎಂದು ಹೆಂಗಸರು ನೆಲದ ಮೇಲೆ ಕುಳಿತೇಬಿಟ್ಟರು. ನಾನು ಮಾತ್ರ ಕೊನೆಯ ಸಾಲಿನ ಕುರ್ಚಿಗೆ ಅಂಟಿಕೊಂಡಿದ್ದೆ. ಕಲಸಿದವಳು ನಾನು ಎಂದು ಎದ್ದು ಹೇಳಲಿಲ್ಲ...

ಬೇರೆ ಲ್ಯಾಬಿನವರು ಬಂದು ಮತ್ತೆ ತೋಡಿದರು, ಒಂದೊಂದು ಗುಂಡಿಗೆ ಒಂದೊಂದು ಬಾಟಲಿ. ಹನ್ನೊಂದು ಗುಂಡಿಗಳಲ್ಲಿ ಅಂಥದ್ದೇನೂ ಇರಲಿಲ್ಲ. ಹಳೇ ಗೋಡೌನಿನ ಪಕ್ಕದ ಗುಂಡಿಯ ಅಂಕಿ ಮಾತ್ರ ಮಿತಿಯನ್ನು ಎಷ್ಟೋ ಪಟ್ಟು ಮೀರಿತ್ತು. ಅಲ್ಲಿ ಮನೆ ಏಳಲಿಲ್ಲ. ಆ ಕುಟುಂಬಗಳಿಗೆ ಬೇರೆ ಕಡೆ ಜಾಗ ಸಿಕ್ಕಿತು. ಮೇಡಂಗೆ ಮಾತ್ರ ನಮ್ಮ ಲ್ಯಾಬಿನವರು ನಾಳೆಯಿಂದ ಬರಬೇಡಿ ಎಂದರು. ತಪ್ಪು ಒಪ್ಪಿಕೊಂಡ ತಜ್ಞೆಯನ್ನು ಈ ಊರಿನ ಬೇರೆ ಯಾವ ಲ್ಯಾಬೂ ಕರೆಯಲಿಲ್ಲ.

ತಿಂಗಳ ನಂತರ ಧೈರ್ಯ ಮಾಡಿ ಬೆಸೆಂಟ್ ನಗರದ ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ತಪ್ಪು ನಂದ್ರಿ ಮೇಡಂ ಎಂದು ಅಳಲು ಶುರು ಮಾಡಿದೆ.

“ಹೌದು, ನಿಂದೇ. ಅದಕ್ಕೇನೀಗ? ಕಾಫಿ ಆರತ್ತೆ, ಕುಡಿ,” ಎಂದರು. “ಹೊಸಾ ಹುಡುಗಿ ತಪ್ಪು ಅಂತ ಬರೆದಿದ್ರೆ ನಿನ್ನ ಕಳಿಸಿ ಫೈಲ್ ಮುಚ್ಚಿಬಿಡ್ತಿದ್ರು. ನಂದು ಅಂದ್ರೆ ಮುಚ್ಚಕ್ಕಾಗಲ್ಲ, ತೋಡಲೇಬೇಕು. ನೀನೀಗ ಹೆದರಿ ಕೆಲಸ ಬಿಟ್ಟೆಯೋ, ಆಗ ನಂಗೆ ಸಿಟ್ಟು ಬರತ್ತೆ.”

ನಾನು ಬಿಡಲಿಲ್ಲ. ಈಗ ಇನ್ನೊಂದು ಲ್ಯಾಬಿನಲ್ಲಿ ರಿಪೋರ್ಟುಗಳಿಗೆ ಸಹಿ ಹಾಕುವವಳು ನಾನೇ. ಎಲ್ಲ ಸೇರಿಸಿ ಒಂದೇ ಬಾಟಲಿ ಮಾಡಿ ಎಂದು ಪುಸಲಾಯಿಸುವವರು ಈಗಲೂ ಬರುತ್ತಾರೆ, ಬಂದ ದಾರಿಯಲ್ಲೇ ಹೋಗುತ್ತಾರೆ. ಮೇಡಂ ತೀರಿಕೊಂಡು ಎರಡು ವರ್ಷವಾಯಿತು. ಸುದ್ದಿ ನನಗೆ ತಡವಾಗಿ ತಿಳಿಯಿತು, ಮುಖ ನೋಡಲು ಆಗಲಿಲ್ಲ. ಆ ಸರ್ಕಾರಿ ಕಚೇರಿಯ ಕಡತದಲ್ಲಿ ಮಾತ್ರ ಮಣ್ಣು ಬೆರೆಸಿದವರು ಇವತ್ತಿಗೂ ಅವರೇ.

ಇರುವೆ ಪುಡಿಯ ಮರುದಿನ, ಸೋಮವಾರ, ಆ ಕಚೇರಿಗೆ ಹೋದೆ. ಬೆರೆಸಿದ್ದು ನಾನು, ಅವರಲ್ಲ, ಎಂದು ಬರೆದ ಪತ್ರ ಕೊಟ್ಟೆ. ಸಹಿಯ ಅಧಿಕಾರ ಹೋದೀತು ಎಂದು ಈಗಿನ ಲ್ಯಾಬಿನ ಯಜಮಾನರು ಹೆದರಿಸಿದ್ದರು. ಹೋದರೆ ಹೋಗಲಿ. ಗುಮಾಸ್ತ ಪತ್ರವನ್ನು ಎರಡು ಸಲ ಓದಿದ. ಅವರೇ ಇಲ್ಲ, ಕೇಳುವವರೂ ಯಾರೂ ಇಲ್ಲ, ಈಗ್ಯಾಕೆ ಮೇಡಂ ಇದು ಎಂದ.

“ನಾನು ಇದೀನಲ್ಲಪ್ಪ, ಸೀಲ್ ಹಾಕು,” ಎಂದೆ.

ಹಾಕಿಕೊಟ್ಟ. ನನ್ನ ಪ್ರತಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ ಸ್ಟಾಪಿಗೆ ಬಂದೆ. ಬೆಸೆಂಟ್ ನಗರದ ಬಸ್ಸು ಬಂತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟ ಮೇಲೆ, ಹೋಗಿ ತೋರಿಸಲು ಅಲ್ಲಿ ಯಾರೂ ಇಲ್ಲ ಎಂದು ನೆನಪಾಯಿತು.