ಮೂರನೆಯ ಸಲ ಕೇಳಿದಾಗ

ನಾಲ್ಕು ಶತಮಾನಗಳ ಹಿಂದೆ ಸತ್ತ ಒಬ್ಬ ಬಿಷಪ್ಪರ ಬಗ್ಗೆ ಎಡ್ವಿನ್ ಅಯ್ಯನವರು ದನಿ ತಗ್ಗಿಸಿ, ಪಕ್ಕದ ಕೋಣೆಯಲ್ಲಿ ಮಲಗಿದವರ ಬಗ್ಗೆ ಹೇಳುವಂತೆ ಮಾತಾಡುತ್ತಿದ್ದರು. "ನಿನ್ನೆ ಅವರಿಗೆ ನಿದ್ದೆ ಇಲ್ಲ ಮಾರಾಯ್ರೆ. ನನ್ನನ್ನೂ ಮಲಗ್ಲಿಕ್ಕೆ ಬಿಡ್ಲಿಲ್ಲ."

ಅಯ್ಯನವರು ಮಂಗಳೂರಿನ ಕಡೆಯವರು. ಊರಲ್ಲಿ ಚರ್ಚ್ ಇತಿಹಾಸ ಕಲಿಸುತ್ತಿದ್ದವರು ಕುವೈತಿನ ನಮ್ಮ ಕನ್ನಡ ಸಭೆಗೆ ಪಾದ್ರಿಯಾಗಿ ಬಂದಿದ್ದರು. ಇಲ್ಲಿನ ಅಬ್ಬಾಸಿಯಾ ಬಡಾವಣೆಯ ಫ್ಲ್ಯಾಟಿನಲ್ಲಿ ಕೂತು, ಮೊದಲನೆಯ ಎಲಿಜಬೆತ್ ರಾಣಿಯ ಕಾಲದ ಆ ವಿದ್ವಾಂಸ ಬಿಷಪ್ಪರ ಜೀವನಚರಿತ್ರೆ ಬರೆಯುತ್ತಿದ್ದರು. ಆಕ್ಸ್‌ಫರ್ಡಿನಲ್ಲಿ ಗ್ರೀಕ್ ಕಲಿಸುತ್ತಿದ್ದ ಅವರನ್ನು ರಾಣಿ ಬಿಷಪ್ ಮಾಡಿದ್ದಳು. ಆ ಪದವಿಗೆ ಕರೆದಾಗ ಎರಡು ಸಲ ಬೇಡ ಎಂದು ಮೂರನೆಯ ಸಲ ಒಪ್ಪುವುದು ಅಲ್ಲಿನ ಸಂಪ್ರದಾಯವಂತೆ.

"ಇವರು ನಿಜಕ್ಕೂ ಬೇಡ ಅಂದ್ರು. ಸಂಪ್ರದಾಯ ಅಂತ ತಿಳ್ಕೊಂಡು ಕೂರಿಸಿಯೇ ಬಿಟ್ರು. ಮತ್ತೆ ಗ್ರೀಕ್ ಪುಸ್ತಕ ಮುಟ್ಲಿಕ್ಕೆ ಪುರುಸೊತ್ತಿಲ್ಲ, ಪಾಪ."

ಶುಕ್ರವಾರ ನಮ್ಮ ಆರಾಧನೆ. ತಮಿಳರು ಹಾಲ್ ಬಿಟ್ಟ ಮೇಲೆ ನಾವು, ನಾವು ಬಿಟ್ಟ ಮೇಲೆ ತೆಲುಗರು. ಅಂಥ ಒಂದು ಶುಕ್ರವಾರ, ತೆಲುಗರು ಬಾಗಿಲಲ್ಲಿ ಕಾಯುತ್ತಿರುವಾಗಲೇ ಸಭೆಯ ಹಿರಿಯರಾದ ವಿಕ್ಟರ್ ಅಂಕಲ್ ಮೈಕ್ ಹಿಡಿದರು. ಊರಿನ ಬಿಷಪ್ ಸ್ಥಾನಕ್ಕೆ ಅಯ್ಯನವರ ಹೆಸರು ಬಂದಿದೆ, ಒಪ್ಪಿಗೆ ಕೇಳಿದ್ದಾರೆ ಎಂದರು.

"ನನಗೆ ಬೇಡ" ಎಂದರು ಅಯ್ಯನವರು.

"ನಮ್ಮೂರಿನವರು ಮೊದಲ ಸಲ ಕೇಳಿದ್ರೆ ಚಾ ಸಹ ಬೇಡ ಅಂತಾರೆ. ಇನ್ನು ಬಿಷಪ್ ಪಟ್ಟ!" ವಿಕ್ಟರ್ ಅಂಕಲ್ ಮಾತಿಗೆ ಎಲ್ಲರೂ ನಕ್ಕರು.

"ಇಲ್ಲ, ನಿಜವಾಗಿ ಬೇಡ."

ನಗು ಹೆಚ್ಚಾಯಿತು. ಮೂರನೆಯ ಸಲ ಕೇಳಿದಾಗ ಅವರು ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿದರು. ಏನೂ ಹೇಳಲಿಲ್ಲ.

"ಖಲಾಸ್, ಒಪ್ಪಿದ್ರು!" ಎಂದ ವಿಕ್ಟರ್ ಅಂಕಲ್ ಅಲ್ಲಿಂದಲೇ ಊರಿಗೆ ಫೋನ್ ಮಾಡಿದರು.

ಕೆಲವು ವರ್ಷಗಳ ನಂತರ ಅಯ್ಯನವರು ಬಿಷಪ್ ಆಗಿ ನಮ್ಮಲ್ಲಿಗೆ ಬಂದರು. ನೇರಳೆ ಅಂಗಿ, ಎದೆಯ ಮೇಲೆ ಶಿಲುಬೆ. ಚರ್ಚ್ ಆಸ್ತಿಯ ವ್ಯಾಜ್ಯಗಳಲ್ಲಿ ಬರವಣಿಗೆ ನಿಂತೇಹೋಗಿತ್ತು. ಹೊರಡುವಾಗ ಕಾರಿನ ಬಳಿ ನನ್ನನ್ನು ಬದಿಗೆ ಕರೆದರು.

"ನೀವು ಪೇಪರಿನವರು, ಆ ದಿನ ಅಲ್ಲಿದ್ರಿ. ನಾನು ಬೇಡ ಅಂದದ್ದು ಕೇಳಿತ್ತಲ್ಲ?"

"ಎರಡು ಸಲ, ಅಯ್ಯನವರೇ."

"ಮೂರನೇ ಸಲ?"

"ಸುಮ್ಮನಿದ್ರಿ."

ಅವರು ನಿಧಾನಕ್ಕೆ ತಲೆಯಾಡಿಸಿದರು. "ಆಸೆ ಇತ್ತು ಮಾರಾಯ್ರೆ. ನನ್ನ ಪುಸ್ತಕದ ಬಿಷಪ್ಪರಿಗೂ ಇದ್ದಿರಬೇಕು. ಅದೊಂದನ್ನು ನಾನು ಬರೆದಿರಲಿಲ್ಲ. ಈಗಲೂ ಬಂದು ಕೂರ್ತಾರೆ. ಮಾತಾಡುವುದಿಲ್ಲ."

ಅದೇ ಕೊನೆಯ ಭೇಟಿ. ಅವರು ತೀರಿಕೊಂಡಾಗ ನಮ್ಮ ಪತ್ರಿಕೆಗೆ ಸುದ್ದಿ ಬರೆದು ಕಳಿಸಿದವರು ವಿಕ್ಟರ್ ಅಂಕಲ್. ‘ಜನರ ಒತ್ತಾಯಕ್ಕೆ ಮಣಿದು ಬಿಷಪ್ ಆದರು’ ಎಂದು ಅದರಲ್ಲಿತ್ತು.  ಅಚ್ಚಿಗೆ ಕಳಿಸುವಾಗ ನಾನು ‘ಬಿಷಪ್ ಆದರು’ ಎಂಬುದನ್ನಷ್ಟೇ ಉಳಿಸಿದೆ.