ಐದು ಬೆನ್ನು, ಒಂದು ಮಾತು

ಬೆಳಗ್ಗೆ ಹತ್ತೂವರೆಯೊಳಗೆ ಅವಳು ಒಬ್ಬನೇ ಹುಡುಗನಿಗೆ ಮೂರು ಸಲ ‘ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ’ ಎಂದು ಹೇಳಿಯಾಗಿತ್ತು, ಮೂರು ಬೇರೆ ಬೇರೆ ದನಿಯಲ್ಲಿ. ಇನ್ನೂ ಇಬ್ಬರ ಸರದಿ ಬಾಕಿ ಇತ್ತು. ಗೋಡೆಗೆಲ್ಲ ಕಪ್ಪು ಸ್ಪಂಜು ಮೆತ್ತಿದ ಆ ಪುಟ್ಟ ಕೋಣೆಯಲ್ಲಿ, ಸದ್ದು ಮೈಕಿಗೆ ಬೀಳುತ್ತದೆಂದು ಫ್ಯಾನ್ ಕೂಡ ಆರಿಸಿಟ್ಟಿದ್ದರು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಹುಡುಗ ಮಾತ್ರ ಎದುರಿನ ಪರದೆಯ ಮೇಲೆ ತಲೆ ಕೆರೆದುಕೊಂಡು ನಗುತ್ತಿದ್ದ. ಅವನಿಗೆ ಬೇರೆ ಕೆಲಸವೇ ಇರಲಿಲ್ಲ.

ಅದೊಂದು ಹೊರದೇಶದ ಅನಿಮೆ, ಅಂದರೆ ಕಾರ್ಟೂನ್ ಧಾರಾವಾಹಿ. ಒಬ್ಬ ಹುಡುಗ, ಅವನ ಮೇಲೆ ಪ್ರಾಣ ಇಟ್ಟುಕೊಂಡ ಐದು ಹುಡುಗಿಯರು, ಎಲ್ಲರೂ ಒಂದೇ ಮನೆಯಲ್ಲಿ ಬಾಡಿಗೆಗೆ. ಈ ಜಾತಿಯ ಕಥೆಗೆ ಹರೆಮ್ ಕಥೆ ಅನ್ನುತ್ತಾರಂತೆ, ಅಂದರೆ ಅಂತಃಪುರದ ಕಥೆ. ಹಿಂದೆಲ್ಲ ಅಂತಃಪುರ ಬೇಕಾದರೆ ರಾಜನಾದರೂ ಆಗಿರಬೇಕಿತ್ತು. ಈಗ ತಲೆ ಕೆರೆದುಕೊಳ್ಳಲು ಬಂದರೆ ಆಯಿತು. ಐದೂ ಹುಡುಗಿಯರಿಗೆ ನಮ್ಮ ಭಾಷೆಯಲ್ಲಿ ದನಿ ಕೊಡುವವಳು ಇವಳೊಬ್ಬಳೇ, ಯಾಕೆಂದರೆ ಸ್ಟುಡಿಯೋ ಚಿಕ್ಕದು, ಇವಳ ಗಂಟಲು ದೊಡ್ಡದು. ಹದಿನೆಂಟು ವರ್ಷ ಅಜ್ಜಿಯರಿಗೆ, ನರಿಗಳಿಗೆ, ಸೋಪಿನ ಜಾಹೀರಾತಿನ ತಾಯಂದಿರಿಗೆ ಮಾತು ಕೊಟ್ಟ ಗಂಟಲು. ಈ ಧಾರಾವಾಹಿ ಶುರುವಾದ ಮೇಲೆ ಸ್ಟುಡಿಯೋದಲ್ಲಿ ಎಲ್ಲರ ಬಾಯಲ್ಲೂ ಅವಳು ಐವರಕ್ಕ ಆಗಿಬಿಟ್ಟಳು.

ಕೆಲಸದ ರೀತಿ ಹೀಗೆ: ಒಂದು ಕಂತಿನಲ್ಲಿ ಮೊದಲನೆಯವಳ ಮಾತುಗಳಷ್ಟನ್ನೂ ಒಂದೇ ಬಾರಿಗೆ ಮುಗಿಸುವುದು, ಆಮೇಲೆ ಎರಡನೆಯವಳದ್ದು, ಹಾಗೇ ಐದರವರೆಗೆ. ಉಳಿದವರು ಮಾತಾಡುವ ಜಾಗವೆಲ್ಲ ಖಾಲಿ. ಕೊನೆಗೆ ಧ್ವನಿಮುದ್ರಣ ನೋಡಿಕೊಳ್ಳುವ ಸೌಂಡಣ್ಣ ಐದನ್ನೂ ಒಂದರ ಮೇಲೊಂದು ಕೂರಿಸುತ್ತಾನೆ. ಹೀಗೆ ಒಬ್ಬೊಬ್ಬಳನ್ನೇ ಬೇರೆ ತೆಗೆದು ನೋಡಿದಾಗಲೇ ಐವರಕ್ಕನಿಗೆ ಮೈ ಉರಿಯಲು ಶುರುವಾದದ್ದು. ಮೂರನೆಯವಳಿಗೆ ಒಂದು ಕಂತಿನಲ್ಲಿ ಇಪ್ಪತ್ತೆರಡು ಮಾತು. ಇಪ್ಪತ್ತು ಅವನ ಬಗ್ಗೆ, ಉಳಿದೆರಡು ‘ಅಯ್ಯೋ’. ಈ ಹುಡುಗಿಗೊಬ್ಬಳು ತಾಯಿ ಇಲ್ಲವೇ? ಹಲ್ಲುನೋವು ಬರುವುದಿಲ್ಲವೇ? ಒಂದೇ ಬಚ್ಚಲಿಗೆ ಐದು ಜನ ಸಾಲು ನಿಂತದ್ದನ್ನು ಇಪ್ಪತ್ತು ಕಂತಿನಲ್ಲಿ ಒಮ್ಮೆಯಾದರೂ ತೋರಿಸಿದ್ದರೆ ಕೇಳಿ.

ಮತ್ತೆ ಆ ಹುಡುಗ! ಬಾಯಿಗೆ ಬೆರಳಿಟ್ಟರೆ ಕಚ್ಚಲಾರದ ಒಳ್ಳೆಯವನು. ಯಾರಿಗೂ ಹೂಂ ಅನ್ನುವುದಿಲ್ಲ, ಯಾರಿಗೂ ಉಹೂಂ ಅನ್ನುವುದಿಲ್ಲ. ಏನು ಕೇಳಿದರೂ ಅಡ್ಡಗೋಡೆ ಮೇಲೆ ದೀಪ. ಅಂಥ ಒಳ್ಳೆಯವರನ್ನು ಕಂಡರೆ ಐವರಕ್ಕನಿಗೆ ಕಲ್ಲೆತ್ತಿ ಹೊಡೆಯೋಣ ಅನಿಸುತ್ತಿತ್ತು, ಯಾಕೆಂದರೆ ಅವಳು ಅಂಥವನ ಮಗಳು.

ಅವಳಪ್ಪ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟನ್ನು ಹತ್ತು ನಿಮಿಷದಲ್ಲಿ ಬಿಡಿಸುವ ಮನುಷ್ಯ, ತಾನು ಮಾತ್ರ ಎರಡು ಮನೆಗಳ ನಡುವೆ ಇಪ್ಪತ್ತೇಳು ವರ್ಷ ಸಿಕ್ಕಿಕೊಂಡೇ ಇದ್ದ. ಮೊದಲ ಹೆಂಡತಿ ದೊಡ್ಡಮ್ಮನ ಮನೆ ಎರಡು ಬೀದಿ ಆಚೆ. ಎರಡನೆಯವಳು ಇವಳ ಅಮ್ಮ. ಸೋಮವಾರ ಸಂಜೆ ಇಲ್ಲಿಗೆ ಬರುತ್ತಿದ್ದ, ಗುರುವಾರ ಬೆಳಗ್ಗೆ ಅಲ್ಲಿಗೆ ಹೋಗುತ್ತಿದ್ದ. ಕುಡಿದವನಲ್ಲ, ಕೈ ಎತ್ತಿದವನಲ್ಲ, ಎರಡು ಮನೆಯ ಮಕ್ಕಳ ಪುಸ್ತಕಕ್ಕೂ ತಾನೇ ರಟ್ಟು ಹಾಕಿದವನು. ಕೆಟ್ಟವನಾಗಿದ್ದರೆ ಒಂದಿಷ್ಟು ಬೈದು ಎದ್ದು ಹೋಗಬಹುದಿತ್ತು. ಇವನನ್ನು ಬೈಯಲು ಹೋದರೆ ಊರೇ ತಿರುಗಿ ಬೀಳುತ್ತಿತ್ತು. ಅಂಗಡಿಯಲ್ಲಿ ಅಮ್ಮನೂ ದೊಡ್ಡಮ್ಮನೂ ಎದುರಾದರೆ ಇಬ್ಬರೂ ತಲೆ ತಗ್ಗಿಸಿ ಈರುಳ್ಳಿ ಆರಿಸುತ್ತ ನಿಂತುಬಿಡುತ್ತಿದ್ದರು. ಜನ ಅದನ್ನೇ ನೋಡಿ ‘ಎಷ್ಟು ಹೊಂದಾಣಿಕೆ ನೋಡಿ’ ಅನ್ನುತ್ತಿದ್ದರು.

ಅಮ್ಮ ಬಟ್ಟೆ ಹೊಲಿಯುತ್ತಿದ್ದಳು, ಈಗಲೂ ಹೊಲಿಯುತ್ತಾಳೆ. ಅವಳ ಮಿಷನ್ನು ಕಿಟಕಿಗೆ ಮುಖ ಮಾಡಿತ್ತು. ಗುರುವಾರ ಬೆಳಗ್ಗೆ ಅಪ್ಪ ಹೊಸ್ತಿಲಲ್ಲಿ ಕೂತು ಬೂಟಿನ ದಾರ ಕಟ್ಟುತ್ತ, “ಸೋಮವಾರ ಬರ್ತೀನಿ, ಆಯ್ತಾ? ನಿಮ್ಮಿಬ್ಬರಲ್ಲಿ ಯಾರನ್ನೂ ನೋಯಿಸೋಕೆ ನನ್ನಿಂದ ಆಗಲ್ಲ” ಅನ್ನುತ್ತಿದ್ದ. ಅಮ್ಮ ತಿರುಗದೆ “ಅಷ್ಟೇ ಸಾಕು ನನಗೆ” ಅನ್ನುತ್ತಿದ್ದಳು. ಮಿಷನ್ನು ಟಕಟಕ ಶುರುವಾಗುತ್ತಿತ್ತು. ಹನ್ನೆರಡು ವರ್ಷದ ಹಿಂದೆ ಅಪ್ಪ ತೀರಿಕೊಂಡದ್ದೂ ಒಂದು ಶನಿವಾರ, ದೊಡ್ಡಮ್ಮನ ದಿನ. ಇಲ್ಲಿಗೆ ಸುದ್ದಿ ಬಂದದ್ದು ಭಾನುವಾರ, ಹಾಲಿನವನ ಬಾಯಿಂದ.

ಇಷ್ಟು ತಿಳಿದ ಮೇಲೆ, ಕೊನೆಯ ಕಂತಿನ ಹಾಳೆ ಕೈಗೆ ಬಂದ ದಿನ ಐವರಕ್ಕ ಹೆಡ್‌ಫೋನು ಕಿತ್ತು ಮೇಜಿನ ಮೇಲೆ ಕುಕ್ಕಿದ್ದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ. ಬೆಟ್ಟದ ಮೇಲೆ ಸೂರ್ಯ ಮುಳುಗುತ್ತಾನೆ. ಹುಡುಗ ಹೇಳುತ್ತಾನೆ: ‘ನಿಮ್ಮಲ್ಲಿ ಯಾರನ್ನೂ ನೋಯಿಸೋಕೆ ನನ್ನಿಂದ ಆಗಲ್ಲ. ನನಗೆ ನೀವೆಲ್ಲರೂ ಬೇಕು.’ ನಮ್ಮ ಕಡೆ ಬೆನ್ನು ಹಾಕಿ ಸಾಲಾಗಿ ನಿಂತ ಐದು ಹುಡುಗಿಯರು ಒಟ್ಟಿಗೆ ಹೇಳುತ್ತಾರೆ: ‘ಅಷ್ಟೇ ಸಾಕು ನಮಗೆ.’

“ಇದನ್ನ ನಾನು ಹೇಳಲ್ಲ ಮೇಷ್ಟ್ರೇ” ಅಂದಳು.

ಮೇಷ್ಟ್ರು ಅಂದರೆ ಡಬ್ಬಿಂಗ್ ನಿರ್ದೇಶಕ. ಮಾತು ಬರೆಯುವವನೂ ಅವನೇ. ಎಲ್ಲರ ಉಚ್ಚಾರಣೆ ತಿದ್ದಿ ತಿದ್ದಿ ಆ ಹೆಸರು ಬಿದ್ದಿತ್ತು. “ಯಾಕಕ್ಕ, ಗಂಟಲು ಕಟ್ಟಿದೆಯಾ?” ಅಂದ.

“ಗಂಟಲಿಗೇನೂ ಆಗಿಲ್ಲ. ಮಾತು ಕೆಟ್ಟಿದೆ.”

“ಬೆನ್ನು ಕಾಣೋ ದೃಶ್ಯ ಅಕ್ಕ! ತುಟಿ ಕೂಡಿಸೋ ತಾಪತ್ರಯ ಇಲ್ಲ. ಐದು ನಿಮಿಷದ ಕೆಲಸ.” ಅವನು ಹೇಳಿದ್ದು ನಿಜ. ಪರದೆಯ ಮೇಲಿನ ತುಟಿ ಅಲುಗಿದಷ್ಟೇ ಹೊತ್ತು ಮಾತಾಡಬೇಕಾದ ಈ ಕಸುಬಿನಲ್ಲಿ, ಬೆನ್ನು ಕಂಡರೆ ಹಬ್ಬ. ಹೇಗೆ ಬೇಕಾದರೂ ಹೇಳಬಹುದು.

“ಐದು ಜನ ಒಬ್ಬನನ್ನ ಇಷ್ಟಪಡ್ತಾರೆ ಅಂದ್ರೆ ನಂಬ್ತೀನಿ ಮೇಷ್ಟ್ರೇ. ಒಂದೇ ಮನೇಲಿ ಇರ್ತಾರೆ ಅಂದ್ರೂ ನಂಬ್ತೀನಿ. ಐವರಲ್ಲಿ ಒಬ್ಬಳಿಗೂ ಸಿಟ್ಟೇ ಬರಲ್ಲ ಅಂತೀರಲ್ಲ, ಅದನ್ನ ಹೇಗೆ ನಂಬಲಿ? ಇಪ್ಪತ್ತು ಕಂತಾಯ್ತು, ಒಬ್ಬಳಾದ್ರೂ ಒಂದು ತಟ್ಟೆ ಎತ್ತಿ ಬಿಸಾಕಿದಾಳಾ?”

“ಇದು ಕನಸು ಅಕ್ಕ. ಕನಸಲ್ಲಿ ತಟ್ಟೆ ತೊಳೆಯೋದು ಯಾರು ಅಂತ ಯಾರಾದ್ರೂ ಕೇಳ್ತಾರಾ?”

“ಯಾರ ಕನಸು? ಆ ತಲೆ ಕೆರಕೊಳ್ಳೋನ ಕನಸು. ಅವನ ಕನಸಿಗೆ ನಾನ್ಯಾಕೆ ಐದು ಸಲ ತಲೆ ಆಡಿಸಲಿ?”

“ಅಂದ್ರೆ ನಿಜವಾದ ಹೆಂಗಸು ಯಾರೂ ಹೀಗೆ ಹೇಳಲ್ಲ ಅಂತೀರಾ?”

ಸುಳ್ಳು ಹೇಳಿದ್ದರೆ ವಾದ ಅಲ್ಲಿಗೇ ಗೆದ್ದಂತಿತ್ತು. ಸಿಟ್ಟಿನಲ್ಲಿದ್ದವಳಿಗೆ ನಿಜವೇ ಬಾಯಿಗೆ ಬಂತು. “ಹೇಳಿದಾಳೆ. ನಮ್ಮಮ್ಮನೇ ಹೇಳಿದಾಳೆ, ಇಪ್ಪತ್ತೇಳು ವರ್ಷ.”

“ಮತ್ತಿನ್ನೇನು! ನಂಬೋ ಹಾಗೇ ಇದೆಯಲ್ಲ ಹಾಗಾದ್ರೆ!” ಅಂದ ಮೇಷ್ಟ್ರು. ಅವನೇನೂ ಕುಹಕದಿಂದ ಹೇಳಲಿಲ್ಲ, ಸಮಾಧಾನವಾಯಿತೆಂದು ಹೇಳಿದ. ಐವರಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. “ನಾಳೆ ಹತ್ತಕ್ಕೆ ಬನ್ನಿ. ಮಧ್ಯಾಹ್ನದೊಳಗೆ ಕಂತು ಕಳಿಸಲೇಬೇಕು. ಆಗಲ್ಲ ಅಂದ್ರೆ ಐವರಿಗೂ ಬೇರೆ ದನಿ ಹುಡುಕಬೇಕಾಗುತ್ತೆ. ಎರಡನೇ ಭಾಗವೂ ಬರೋದಿದೆ, ಯೋಚನೆ ಮಾಡಿ.”

ಯೋಚನೆ ಮಾಡುವುದೇನು, ದಾರಿಯುದ್ದಕ್ಕೂ ಹಲ್ಲು ಕಡಿದಳು. ಐದು ಪಾತ್ರ ಹೋದರೆ ವರ್ಷದ ಕೆಲಸವೇ ಹೋದಂತೆ, ಅದು ಅವಳಿಗೆ ಗೊತ್ತು. ಆದರೆ ಹಲ್ಲು ಕಡಿದದ್ದು ಅದಕ್ಕಲ್ಲ. ಅಮ್ಮ ನಿಜವಾಗಿಯೂ ಸಾಕು ಅಂದಿದ್ದರೆ? ಈ ಮೂವತ್ತೆಂಟನೇ ವಯಸ್ಸಿನವರೆಗೆ ತಾನು ಅಮ್ಮನ ಪರವಾಗಿ ಹೊತ್ತು ತಿರುಗಿದ ಈ ಸಿಟ್ಟು ಅಮ್ಮನದ್ದೇ ಅಲ್ಲದಿದ್ದರೆ?

ಮನೆಗೆ ಬಂದಾಗ ಅಮ್ಮ ಶಾಲೆಯ ಸಮವಸ್ತ್ರದ ಅಂಚು ಮಡಚಿ ಹೊಲಿಯುತ್ತಿದ್ದಳು. ಐವರಕ್ಕ ಚಪ್ಪಲಿಯನ್ನೂ ಬಿಡಲಿಲ್ಲ.

“ಅಮ್ಮ, ಒಂದು ಕೇಳ್ತೀನಿ. ಸುಳ್ಳು ಹೇಳಬಾರದು.”

“ಕೇಳು. ಸುಳ್ಳು ಬೇಕೋ ಬೇಡವೋ ಆಮೇಲೆ ನೋಡೋಣ.”

“ಅಪ್ಪ ಹೊರಟಾಗಲೆಲ್ಲ ಅಷ್ಟೇ ಸಾಕು ಅಂತಿದ್ದೆಯಲ್ಲ. ನಿಜವಾಗ್ಲೂ ಸಾಕಿತ್ತಾ ನಿನಗೆ?”

ಅಮ್ಮನ ಕಾಲು ನಿಂತಿತು. “ಈಗ್ಯಾಕೆ ಅದೆಲ್ಲ?”

“ಕೆಲಸಕ್ಕೆ ಬೇಕು.”

“ನಿನ್ನ ಕೆಲಸಕ್ಕಿಷ್ಟು ಬೆಂಕಿ ಹಾಕ” ಅಂದಳು ಅಮ್ಮ. ಆಮೇಲೆ ಕಿಟಕಿಯ ಕಡೆಗೇ ನೋಡುತ್ತ, “ಹೂಂ ಕಣೆ. ಅಷ್ಟೇ ಸಾಕಿತ್ತು ನನಗೆ” ಅಂದಳು. ಮಿಷನ್ನು ಟಕಟಕ ಶುರುವಾಯಿತು.

ಬೇರೆಯವರಾಗಿದ್ದರೆ ಮಾತು ಕೇಳಿಸಿಕೊಂಡು ಸುಮ್ಮನಾಗುತ್ತಿದ್ದರು. ಐವರಕ್ಕನದ್ದು ಹದಿನೆಂಟು ವರ್ಷ ಮಾತಿನ ಆಚೀಚೆಯನ್ನು ಕೇಳಿದ ಕಿವಿ. ಮಾತಿಗೆ ಮುಂಚೆ ಅಮ್ಮ ಉಸಿರು ಒಳಗೆಳೆದುಕೊಂಡಿದ್ದಳು. ಮಾತು ಮುಗಿದ ಮೇಲೂ ಅದನ್ನು ಹೊರಗೆ ಬಿಟ್ಟಿರಲಿಲ್ಲ. ಕೊನೆಯ ಅಕ್ಷರ ಮುಗಿಯುತ್ತಿದ್ದಂತೆ ಕಾಲು ಮಿಷನ್ನನ್ನು ಒತ್ತಿತ್ತು, ಸದ್ದಿನೊಳಗೆ ಉಸಿರು ಯಾರಿಗೂ ಕೇಳದ ಹಾಗೆ ಬಿಡಲು. ಚಿಕ್ಕವಳಿದ್ದಾಗ ಅದನ್ನು ಕೇಳಿ ಅಮ್ಮನಿಗೆ ಕೆಲಸದ ಮೇಲೆ ಎಷ್ಟು ಶ್ರದ್ಧೆ ಅಂದುಕೊಂಡಿದ್ದಳು ಈ ದಡ್ಡಿ.

ಮರುದಿನ ಹತ್ತಕ್ಕೆ ಸರಿಯಾಗಿ ಹೋಗಿ ಮೈಕಿನ ಮುಂದೆ ನಿಂತಳು. ಬಿಸಿನೀರು ಕುಡಿದು, “ಹಾಕಿ ಸೌಂಡಣ್ಣ” ಅಂದಳು. ಮೇಷ್ಟ್ರ ಮುಖ ಅರಳಿತು. ಮೊದಲನೆಯವಳಿಗೆ ಉಸಿರು ಎಳೆದು ಹಿಡಿದು ಹೇಳಿದಳು. ಎರಡನೆಯವಳು ಮಾತನ್ನು ಹಲ್ಲಿನ ಸಂದಿಯಲ್ಲಿ ಹಿಡಿದಳು. ಸದಾ ಕಿಲಕಿಲ ಅನ್ನುವ ಮೂರನೆಯವಳು ನಗಲು ಶುರುಮಾಡಿ ಅರ್ಧಕ್ಕೆ ಬಿಟ್ಟಳು. ನಾಲ್ಕು ಮತ್ತು ಐದನೆಯವರಿಗೆ ಏನು ಮಾಡಿದಳೋ ಅವಳಿಗೇ ನೆನಪಿಲ್ಲ, ಸಿಟ್ಟು ಕಣ್ಣಿಗೆ ಬಂದಿತ್ತು. ಆದರೆ ಬರೆದ ಮಾತಿನ ಒಂದಕ್ಷರವನ್ನೂ ಬದಲಾಯಿಸಲಿಲ್ಲ. ಎಲ್ಲರ ಕೊನೆಗೂ ಆ ಬಿಡುವ ಉಸಿರನ್ನು ಕೇಳುವ ಹಾಗೆ ಬಿಟ್ಟಳು. ಮುಚ್ಚಲು ಇಲ್ಲಿ ಮಿಷನ್ನು ಇರಲಿಲ್ಲ.

ಸೌಂಡಣ್ಣ ಐದನ್ನೂ ಕೂಡಿಸಿ ಕೇಳಿಸಿದ. ಪರದೆಯ ಮೇಲೆ ಐದು ಬೆನ್ನು, ಮುಂದೆ ಕೆಂಪು ಆಕಾಶ. ‘ಅಷ್ಟೇ ಸಾಕು ನಮಗೆ.’ ಅದರ ಹಿಂದೆಯೇ ಐದು ಉಸಿರು. ಆಮೇಲೆ ಹುಡುಗ ಎಂದಿನಂತೆ ತಲೆ ಕೆರೆದುಕೊಂಡು ನಕ್ಕ. ಇಪ್ಪತ್ತು ಕಂತಿನಲ್ಲಿ ಆ ನಗು ಇಷ್ಟು ಅಸಹ್ಯವಾಗಿ ಕೇಳಿದ್ದೇ ಇಲ್ಲ.

“ಅಕ್ಕ, ಮೈ ಜುಂ ಅಂತಿದೆ. ಇಲ್ಲಿ ಖುಷಿ ಬೇಕಿತ್ತಲ್ಲ” ಅಂದ ಮೇಷ್ಟ್ರು.

“ಖುಷಿ ಬೇಕಾದ್ರೆ ಅವರನ್ನ ಈ ಕಡೆ ತಿರುಗಿಸಿ ನಿಲ್ಲಿಸಿ. ಮುಖ ನೋಡಿಕೊಂಡು ನಗ್ತೀನಿ.”

ಬೇರೆ ಯಾರೋ ಬರೆದ ಚಿತ್ರ, ತಿರುಗಿಸುವುದು ಹೇಗೆ? ಸೌಂಡಣ್ಣ ಮಾತಿಗೆ ಬಾಯಿ ಹಾಕುವವನಲ್ಲ. ಅವತ್ತು ಮಾತ್ರ ಗುಂಡಿಗಳ ಮೇಲಿನ ಕೈ ತೆಗೆಯದೆ, “ಈ ಹಾಳು ಕಥೇಲಿ ನಾನು ನಂಬಿದ್ದು ಇದೊಂದನ್ನೇ ಕಣಯ್ಯ. ಹೀಗೇ ಕಳಿಸು” ಅಂದ. ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುತ್ತಿತ್ತು. ಕಂತು ಹಾಗೆಯೇ ಹೋಯಿತು.

ಮೇಷ್ಟ್ರು ಬಾಗಿಲವರೆಗೆ ಜೊತೆಗೆ ಬಂದ. “ಎರಡನೇ ಭಾಗಕ್ಕೆ... ನೋಡೋಣ ಅಕ್ಕ, ಸ್ವಲ್ಪ ಕಷ್ಟ ಆಗಬಹುದು.”

“ಹಾವೂ ಸಾಯಬಾರದು ಕೋಲೂ ಮುರೀಬಾರದು ಅಂತ ಮಾತಾಡಬೇಡಿ. ಕರೀತೀರೋ ಇಲ್ವೋ?”

ಅವನು ನೆಲ ನೋಡಿದ. “ಇಲ್ಲ.”

“ಹಾಂ. ಹೀಗೆ ಹೇಳೋಕೆ ಕಲೀರಿ” ಅಂದು ಐವರಕ್ಕ ಮೆಟ್ಟಿಲಿಳಿದಳು. ಕೆಲಸ ಹೋದ ಸಂಕಟ ಇತ್ತು. ಆದರೂ, ತನ್ನ ಬದುಕಿನಲ್ಲಿ ಒಬ್ಬ ಗಂಡಸು ನೇರವಾಗಿ ಇಲ್ಲ ಅಂದದ್ದು ಇದೇ ಮೊದಲು ಎಂದು ಅರ್ಧ ದಾರಿಯಲ್ಲಿ ಹೊಳೆದು ಬೀದಿಯಲ್ಲೇ ನಕ್ಕುಬಿಟ್ಟಳು.

ಭಾನುವಾರ ಸಂಜೆ ಐದೂವರೆಗೆ ಆ ಕಂತು ಟಿವಿಯಲ್ಲಿ ಬಂತು. ಅಮ್ಮ ಈ ಧಾರಾವಾಹಿಯನ್ನು ಎರಡು ನಿಮಿಷಕ್ಕಿಂತ ಹೆಚ್ಚು ನೋಡಿದವಳಲ್ಲ. ಅವತ್ತು ಮಗಳು ಏನೂ ಹೇಳದೆ ದನಿ ಏರಿಸಿದಳು. ಅಮ್ಮ ಮಿಷನ್ನಿನಲ್ಲೇ ಕೂತು, ಕುತ್ತಿಗೆ ತಿರುಗಿಸಿ, ಕೈಯಲ್ಲಿ ದಾರದ ಉಂಡೆ ಹಿಡಿದು ನೋಡಿದಳು. ಬೆಟ್ಟ ಬಂತು, ಸೂರ್ಯ ಮುಳುಗಿದ. ಹುಡುಗ ಯಾರನ್ನೂ ನೋಯಿಸಲಾರೆ ಅಂದ. ಐದು ಬೆನ್ನುಗಳು ಅಷ್ಟೇ ಸಾಕು ನಮಗೆ ಅಂದವು. ಐದು ಉಸಿರು ಕೋಣೆಯ ತುಂಬ ಕೇಳಿಸಿತು. ಹುಡುಗ ನಕ್ಕ.

ದಾರದ ಉಂಡೆ ಟಿವಿಗೆ ಬಡಿದು ನೆಲಕ್ಕೆ ಬಿತ್ತು. ಅಮ್ಮ ಎದ್ದು ನಿಂತಿದ್ದಳು. ಮುಖ ಕೆಂಪಗಾಗಿತ್ತು. ಮಗಳು ಆ ಮುಖವನ್ನು ಹಾಗೆ ಎಂದೂ ಕಂಡಿರಲಿಲ್ಲ.

“ಥೂ ನಿನ್ನ!” ಅಂದಳು ಅಮ್ಮ ಪರದೆಯ ಮೇಲಿನ ಹುಡುಗನಿಗೆ. “ಸಾಕು ಅಂದ ಕೂಡಲೇ ನಂಬಿಬಿಡೋದಾ? ಎದ್ದು ಬಂದು ಒಂದು ಸಲ ಮುಖ ನೋಡೋಕೆ ಏನಾಗಿತ್ತು ನಿಮಗೆ, ಇಪ್ಪತ್ತೇಳು ವರ್ಷ?”