ಉಸಿರಾಡದ ಎಂಜಿನ್

ದೆವ್ವ ಕಂಡೆ, ಗಾಳಿ ಸೋಕಿತು ಎಂದು ಹೇಳಿಕೊಂಡು ಬರುವವರಿಗೆ ಒಂದು ಲೋಟ ಕಾಫಿ ಕೊಟ್ಟು, ಮಾತು ಬದಲಿಸಿ ಕಳಿಸುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು ಬೇರೆ. ಉರಿಯಬೇಕಾದರೆ ಗಾಳಿ ಬೇಕು, ಇಂಧನ ಬೇಕು, ಎರಡರಲ್ಲಿ ಒಂದನ್ನು ತೆಗೆದರೂ ಉರಿ ನಿಲ್ಲುತ್ತದೆ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಈಗಲೂ ಅದನ್ನೇ ನಂಬುತ್ತೇನೆ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ, ಒಂದು ಆಯುಧಪೂಜೆಯ ಸಂಜೆ, ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯ ಮುಂದೆ ನಡೆದದ್ದನ್ನು ಆ ಪಾಠದೊಳಗೆ ಎಲ್ಲಿ ಸೇರಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ನೀವು ನಂಬಲೇಬೇಕೆಂಬ ಹಟವೂ ನನಗಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ನಮ್ಮ ಯಜಮಾನರು ಚಂದ್ರಶೇಖರ್ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಎಲ್ಲದರಲ್ಲೂ ಅಚ್ಚುಕಟ್ಟಿನ ಮನುಷ್ಯ. ಇದ್ದದ್ದು ಒಂದೇ ಹುಚ್ಚು, ಜೀಪು. ಯಾವುದೋ ವಿದೇಶಿ ಯೋಜನೆಯವರು ಕೆಲಸ ಮುಗಿಸಿ ಹೋಗುವಾಗ ಹರಾಜು ಹಾಕಿದ ಹಳೆಯ ಜಪಾನಿ ಡೀಸೆಲ್ ಜೀಪು ಅದು. ಅದರಲ್ಲಿ ಟರ್ಬೊ ಇತ್ತು. ಹೊರಗೆ ಹೋಗುವ ಹೊಗೆಯ ರಭಸದಿಂದಲೇ ಒಂದು ಪುಟ್ಟ ಚಕ್ರ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ ಎಂದು ಬೀದಿಯವರಿಗೆಲ್ಲ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದರು. ಹಾಲಿನವನಿಗೂ ಬಿಡುಗಡೆ ಇರಲಿಲ್ಲ. ಪಾಠ ಮಾಡುವುದರಲ್ಲಿ ನನಗಿಂತ ಒಂದು ಕೈ ಮೇಲು.

ರಜೆ ಬಂತೆಂದರೆ ಕೆಂಗೇರಿಯ ಆಚೆ, ಪಾಳುಬಿದ್ದ ಕಲ್ಲುಕ್ವಾರಿಯ ಕಡಿದಾದ ಏರಿನಲ್ಲಿ ಗೆಳೆಯರೆಲ್ಲ ಸೇರಿ ಜೀಪು ಹತ್ತಿಸುವುದು ಅವರ ಮೋಜು. ಒಂದು ಸಲ ನಮ್ಮ ಜೀಪು ಅರ್ಧ ಹತ್ತಿ, ದಮ್ಮು ಸಾಲದೆ ಹಿಂದಕ್ಕೆ ಜಾರಿತು. ಬಂಡೆಯೊಂದು ಅಡ್ಡ ಸಿಕ್ಕಿದ್ದರಿಂದ ಬಚಾವಾದರು. ಗೆಳೆಯರು ನಕ್ಕರಂತೆ. ಜಾರಿದ್ದಕ್ಕಿಂತ ಆ ನಗುವೇ ಅವರಿಗೆ ಹೆಚ್ಚು ನೋವು ಕೊಟ್ಟಿತು. ವಿಜಯದಶಮಿಯ ದಿನ ಮತ್ತೆ ಬರ್ತೀನಿ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತುದಿ ಮುಟ್ಟಿಸ್ತೀನಿ ಎಂದು ಎಲ್ಲರೆದುರು ಹೇಳಿ ಬಂದರು. ಆರು ವರ್ಷದ ನಮ್ಮ ಸುಧಾ ಅದನ್ನು ಬೀದಿಯಲ್ಲೆಲ್ಲ ಟಾಂಟಾಂ ಮಾಡಿದಳು. ಮಗುವನ್ನು ಕರೆದೊಯ್ಯುವುದು ಬೇಡ ಎಂದು ನಾನು ಬಾಯಿಬಿಟ್ಟರೆ ಅಪ್ಪ ಮಗಳು ಇಬ್ಬರೂ ಮುಖ ಊದಿಸಿಕೊಂಡು ಕೂರುತ್ತಿದ್ದರು.

ಜೀಪಿಗೆ ಶಕ್ತಿ ಹೆಚ್ಚಿಸುವ ಕೆಲಸ ಅಂದಿನಿಂದಲೇ ಶುರುವಾಯಿತು. ಡೀಸೆಲ್ ಪಂಪು ರಿಪೇರಿ ಮಾಡುವ ರಂಗಸ್ವಾಮಿ ಇವರ ಬಾಲ್ಯದ ಗೆಳೆಯ. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕೆಂದು ತೀರ್ಮಾನಿಸುವ ಒಂದು ಸ್ಕ್ರೂ ಆ ಪಂಪಿನಲ್ಲಿ ಇರುತ್ತದೆ. ಯಾರೂ ಮುಟ್ಟಬಾರದೆಂದು ಅದಕ್ಕೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿದ್ದರು. ರಂಗಸ್ವಾಮಿ ಅದನ್ನು ಕತ್ತರಿಸಿ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿರುಗಿಸಿದ. ಟರ್ಬೊದ ಸ್ಪ್ರಿಂಗಿನ ಕೆಳಗೆ ವಾಷರ್ ಇಟ್ಟು ಗಾಳಿಯನ್ನೂ ಹೆಚ್ಚಿಸಿದ. ಜೀಪು ಗುಟುರು ಹಾಕತೊಡಗಿತು. ಎದುರು ಮನೆಯವರು ಒಣಹಾಕಿದ ಪಂಚೆಯ ಮೇಲೆ ಮಸಿ ಕೂತು ಒಂದು ಸಣ್ಣ ಜಗಳವೂ ಆಯಿತು. ಹಬ್ಬಕ್ಕೆ ಮುಂಚೆ ರಂಗಸ್ವಾಮಿ, ಇನ್ನು ಸಾಕು, ಇದರ ಮೇಲೆ ಹೋದರೆ ಎಂಜಿನ್ ತಡೆಯುವುದಿಲ್ಲ ಎಂದು ಹೇಳಿ ಕೈ ತೊಳೆದುಕೊಂಡ.

ಆಯುಧಪೂಜೆಯ ದಿನ ಬೆಳಗ್ಗೆ ಸ್ಪ್ಯಾನರು, ಸುತ್ತಿಗೆ, ಎಲ್ಲವನ್ನೂ ತೊಳೆದು, ಅರಿಶಿನ ಕುಂಕುಮ ಹಚ್ಚಿ ಮಣೆಯ ಮೇಲೆ ಜೋಡಿಸಿದೆವು. ಜೀಪಿಗೆ ಚೆಂಡುಹೂವಿನ ಹಾರ ಹಾಕಿ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದೆವು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟುವ ಹಾಗಿಲ್ಲ. ಅವತ್ತು ಕಾರ್ಖಾನೆಯ ದೊಡ್ಡ ದೊಡ್ಡ ಮೆಷಿನ್ನುಗಳೇ ತೆಪ್ಪಗಿರುತ್ತವೆ. ಆದರೆ ನಮ್ಮವರಿಗೆ ಕೈ ತುರಿಕೆ. ದೀಪ ಹಚ್ಚುವ ಹೊತ್ತಿಗೆ ಮೆಲ್ಲಗೆ ಬಂದು ಮಣೆಯ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡರು. ನಮ್ಮ ಅತ್ತೆ ನೋಡಿಬಿಟ್ಟರು.

"ಪೂಜೆಗಿಟ್ಟಿದ್ದನ್ನ ಎತ್ತಬೇಡ ಕಣೋ. ಒಂದು ರಾತ್ರಿ ತಡ್ಕೊಳಕ್ಕಾಗಲ್ವಾ?"

ಆ ಸ್ಕ್ರೂಗೆ ಇನ್ನು ಒಂದೇ ಒಂದು ಸುತ್ತು ಎಂದು ಹೇಳಿ ಅವರು ಕುಂಕುಮವನ್ನು ಲುಂಗಿಗೆ ಒರೆಸಿಕೊಂಡು ಹೊರಗೆ ಹೋದರು. ಹಿಂದೆಯೇ ಟಾರ್ಚು ಹಿಡಿದು ನಾನೂ ಹೋದೆ.

ಸ್ಕ್ರೂ ತಿರುಗಿಸಿ ಎಂಜಿನ್ ಶುರು ಮಾಡಿದರು. ಸದ್ದಿನಲ್ಲಿ ಏನೋ ಎಡವಟ್ಟು ಕೇಳಿಸಿತು. ಆ ಎಂಜಿನ್ನಿಗೆ ನಾಲ್ಕು ಸಿಲಿಂಡರು, ಒಂದೊಂದಕ್ಕೂ ಒಂದೊಂದು ಡೀಸೆಲ್ ಪೈಪು. ಯಾವುದು ಸರಿಯಿಲ್ಲ ಎಂದು ತಿಳಿಯಲು ಒಂದೊಂದೇ ಪೈಪಿನ ನಟ್ಟು ಸಡಿಲಿಸುತ್ತಾರೆ. ಆಗ ಆ ಸಿಲಿಂಡರು ಸತ್ತು ಎಂಜಿನ್ ಮುಗ್ಗರಿಸಬೇಕು. ಮೊದಲನೆಯದನ್ನು ಸಡಿಲಿಸಿದರು. ಡೀಸೆಲ್ ಹೊರಗೆ ಚಿಮ್ಮಿತು, ಸದ್ದು ಮಾತ್ರ ಬದಲಾಗಲಿಲ್ಲ. ಎರಡನೆಯದು, ಮೂರನೆಯದು. ಕೊನೆಗೆ ನಾಲ್ಕನ್ನೂ ಸಡಿಲಿಸಿದರು. ಹೂವಿನ ಹಾರವೆಲ್ಲ ಡೀಸೆಲ್ಲಿನಲ್ಲಿ ತೊಯ್ದುಹೋಯಿತು. ಒಳಗೆ ಒಂದು ಹನಿಯೂ ಹೋಗುತ್ತಿಲ್ಲ, ಎಂಜಿನ್ ನಡೆಯುತ್ತಲೇ ಇದೆ. ಕೀ ತಿರುಗಿಸಿದರೂ ನಿಲ್ಲಲಿಲ್ಲ.

ಅಷ್ಟರಲ್ಲಿ ರಂಗಸ್ವಾಮಿ ಹಬ್ಬದ ಕಡ್ಲೆಪುರಿ ಕೊಡಲು ಬಂದ. ನೋಡಿದವನೇ ಪೊಟ್ಟಣ ಕೆಳಗಿಟ್ಟು ಓಡಿ ಬಂದ. ಟರ್ಬೊ ಇರುವ ಎಂಜಿನ್ನು ಒಮ್ಮೊಮ್ಮೆ ತನ್ನ ಆಯಿಲನ್ನೇ ಎಳೆದುಕೊಂಡು ಉರಿಯುತ್ತದೆ, ಗಾಳಿ ಮುಚ್ಚಿದರೆ ನಿಲ್ಲುತ್ತದೆ ಎಂದ. ನನಗೆ ಜೀವ ಬಂದಂತಾಯಿತು. ಗಾಳಿ ಎಳೆಯುವ ಪೈಪು ಬಿಚ್ಚಿ, ಅದರ ಬಾಯಿಗೆ ಒಂದು ಹಲಗೆ ಒತ್ತಿ ಹಿಡಿದ. ಎಂಜಿನ್ ನಿಲ್ಲಲಿಲ್ಲ. ಅವನು ಕೈ ತೆಗೆದ. ಎಳೆತಕ್ಕೆ ಅಂಟಿಕೊಳ್ಳಬೇಕಿದ್ದ ಹಲಗೆ ಧೊಪ್ಪೆಂದು ನೆಲಕ್ಕೆ ಬಿತ್ತು.

"ಗಾಳೀನೇ ಎಳೀತಿಲ್ಲ ಮೇಡಂ," ಎಂದ.

ನಾನೇ ಪೈಪಿನ ಬಾಯಿಗೆ ಅಂಗೈ ಹಿಡಿದೆ. ಸೆಳೆತವೇ ಇಲ್ಲ. ಹಿಂದೆ ಹೋಗಿ ಹೊಗೆ ಕೊಳವೆಗೆ ಹಿಡಿದೆ. ಹೊಗೆಯಿಲ್ಲ, ಬಿಸಿಯಿಲ್ಲ. ಮತ್ತೆ ಮುಂದೆ ಬಂದರೆ ಎಂಜಿನ್ನಿನ ಫ್ಯಾನು ತಿರುಗುತ್ತಿದೆ, ಬೆಲ್ಟು ಓಡುತ್ತಿದೆ. ಧೈರ್ಯ ಮಾಡಿ ಎಂಜಿನ್ನಿನ ಮೈ ಮುಟ್ಟಿದೆ. ಬಚ್ಚಲಿನ ಕಲ್ಲಿನ ಹಾಗೆ ತಣ್ಣಗಿತ್ತು. ಆಗ ನನಗೆ ನಿಜವಾದ ಭಯವಾಯಿತು. ಅತ್ತೆ ಯಾರ ಮೇಲೂ ರೇಗದೆ ಸ್ಪ್ಯಾನರ್ ಇಸಿದುಕೊಂಡು ಹೋಗಿ, ತೊಳೆದು, ಕುಂಕುಮವಿಟ್ಟು, ಕರ್ಪೂರ ಹಚ್ಚಿ ಬಂದರು. ಅದಕ್ಕೂ ನಿಲ್ಲಲಿಲ್ಲ. ಅವರು ಬಾಗಿಲಲ್ಲೇ ಕೂತರು.

ಸುಧಾ ಒಳಗಿನಿಂದ ಓಡಿ ಬಂದು, ಈಗಲೇ ಹೊರಟೆವಾ ಎಂದು ಕೇಳುತ್ತ ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟಳು. ನಮ್ಮವರು ಅವಳನ್ನು ಬಾಚಿ ಎತ್ತಿಕೊಂಡರು. ಆಮೇಲೆ ಜೀಪಿನ ಕಡೆ ತಿರುಗಿ, ಮನುಷ್ಯರ ಹತ್ತಿರ ಮಾತಾಡುವ ಹಾಗೆ ಹೇಳಿದರು.

"ಮಗೂನ ಕರ್ಕೊಂಡ್ ಹೋಗಲ್ಲ."

ಎಂಜಿನ್ ನಿಂತಿತು. ಗಡಗಡಿಸಿ, ಮುಗ್ಗರಿಸಿ ಅಲ್ಲ. ಸ್ವಿಚ್ ಆರಿಸಿದ ಹಾಗೆ.

ನಾನು ಅವರ ತೋಳು ಹಿಡಿದುಕೊಂಡೆ.

"ನಾನೂ ಹೋಗಲ್ಲ ಅಂತ ಹೇಳಿ ರೀ."

ಅವರು ನನ್ನನ್ನು ನೋಡಿದರು. ಅಷ್ಟರಲ್ಲಿ ಮುಖಕ್ಕೆ ಬಣ್ಣ ಬಂದಿತ್ತು. ಸೈನ್ಸ್ ಟೀಚರೇ ಹೀಗಂದರೆ ಮಕ್ಕಳ ಗತಿಯೇನು ಎಂದು ನಕ್ಕು, ಮಗಳನ್ನು ಎತ್ತಿಕೊಂಡು ಒಳಗೆ ಹೋದರು. ಒಳಗೂ ಎರಡು ಸಲ ಕೇಳಿದೆ. ಅವರ ಬಾಯಿಂದ ಆ ಮಾತು ಬರಲಿಲ್ಲ.

ಬೆಳಗ್ಗೆ ರಂಗಸ್ವಾಮಿ ಬಂದು ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿ, ಪೈಪುಗಳನ್ನು ಬಿಗಿದ. ಜೀಪು ಸಾಧುವಾಗಿ ಶುರುವಾಯಿತು, ಕೀ ತಿರುಗಿಸಿದರೆ ಸಾಧುವಾಗಿ ನಿಂತಿತು. ಹೋಗಬೇಡ ಎಂದು ಅವನೂ ಹೇಳಿದ. ಗೆಳೆಯರಿಗೆ ಬರೀ ಮುಖ ತೋರಿಸಿ ಬರ್ತೀನಿ ಎಂದು ಇವರು ಒಬ್ಬರೇ ಹೊರಟರು. ಸುಧಾ ಅಳುತ್ತ ಗೇಟಿನ ತನಕ ಹೋದಳು.

ಏರಿನ ಮುಕ್ಕಾಲು ಭಾಗ ಚೆನ್ನಾಗಿ ಹತ್ತಿತಂತೆ. ಕೆಳಗಿದ್ದವರು ಚಪ್ಪಾಳೆ ತಟ್ಟುತ್ತಿದ್ದಾಗ ಎಂಜಿನ್ ತಟ್ಟನೆ ನಿಂತಿತಂತೆ. ಹೊಗೆಯಿಲ್ಲ, ಸದ್ದಿಲ್ಲ. ಬ್ರೇಕು ಹಿಡಿಯಲಿಲ್ಲ. ಈ ಸಲ ಯಾವ ಬಂಡೆಯೂ ಅಡ್ಡ ಸಿಗಲಿಲ್ಲ. ಸಂಜೆಯ ಹೊತ್ತಿಗೆ ಅವರನ್ನು ಬಿಳಿ ಬಟ್ಟೆ ಹೊದಿಸಿ ಮನೆಗೆ ತಂದರು. ಬನ್ನಿ ಕೊಡಲು ಬಂದಿದ್ದ ನೆಂಟರು ಬಾಗಿಲಲ್ಲೇ ನಿಂತಿದ್ದರು.

ಆಮೇಲೆ ರಂಗಸ್ವಾಮಿ ಪೊಲೀಸ್ ಠಾಣೆಯಲ್ಲಿದ್ದ ಜೀಪಿನ ಪಂಪನ್ನು ಬಿಚ್ಚಿ ನೋಡಿದ. ಟ್ಯಾಂಕು, ಪೈಪು, ಫಿಲ್ಟರು ಎಲ್ಲ ನೋಡಿದ. ಯಾವ ದೋಷವೂ ಸಿಗಲಿಲ್ಲ. ನಜ್ಜುಗುಜ್ಜಾದ ಆ ಗಾಡಿಯ ಎಂಜಿನ್ ಕೀ ತಿರುಗಿಸಿದ ಕೂಡಲೇ ಶುರುವಾಯಿತಂತೆ.

ನಾನೂ ಹೋಗಲ್ಲ ಎಂಬ ಆ ಇನ್ನೊಂದು ಮಾತನ್ನೂ ಅವರು ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ಮಾತಿಗೂ ಎಂಜಿನ್ನಿಗೂ ಯಾವ ಸಂಬಂಧವೂ ಇಲ್ಲ ಎಂದು ನನಗೆ ಗೊತ್ತು. ಇಷ್ಟು ಗೊತ್ತಿದ್ದೂ, ಸುಧಾ ಎಲ್ಲಿಗಾದರೂ ಹೊರಟು ನಿಂತರೆ, ಹುಷಾರಾಗಿ ಬರ್ತೀನಿ ಅಂತ ಹೇಳು ಎಂದು ಕಾಡುತ್ತೇನೆ. ಅವಳು ಹೇಳುವವರೆಗೂ ಬಾಗಿಲು ಬಿಡುವುದಿಲ್ಲ.